ಕ್ಯಾನು ಒರೆಸುವ ಹೆಪ್ಸಿ ಅಜ್ಜಿ

ಇಂಗ್ಲೆಂಡಿನ ವಾರಿಕ್‌ಶೈರ್ ಕಾಲುವೆಯಲ್ಲಿ ದೋಣಿಯೊಳಗೇ ಸಂಸಾರ ಮಾಡುವವರು, ಗುಲಾಬಿ ಬರೆದ ತಮ್ಮ ಹಳೆಯ ತಗಡಿನ ನೀರಿನ ಕ್ಯಾನಿಗೆ ಮಸಿ ಹಿಡಿದರೆ ಹೆಪ್ಸಿ ಅಜ್ಜಿಯ ಹತ್ತಿರ ತರುತ್ತಾರೆ. ಸೋಪು ಕಂಡರೆ ಅಜ್ಜಿ ಉರಿದುಬೀಳುತ್ತಾಳೆ: "ಗುಲಾಬಿ ಚರ್ಮ ಸುಲೀತೀರೇನ್ರೋ? ಎಂಜಲು ಸಾಕು!" ಹತ್ತಿಯನ್ನು ನಾಲಿಗೆಗೆ ತಾಗಿಸಿ ಎಸಳೆಸಳಾಗಿ ಒರೆಸುತ್ತಾಳೆ, ಎಂಜಲು ಅಂಟಾದೀತೆಂದು ಚಹಾಕ್ಕೆ ಸಕ್ಕರೆಯನ್ನೇ ಬಿಟ್ಟಿದ್ದಾಳೆ, ಪಾದ್ರಿಯ ಮನೆಯ ಕೇಕನ್ನೂ ಮುಟ್ಟುವುದಿಲ್ಲ. ಒಂದು ಕಾಲಕ್ಕೆ ಈ ಕ್ಯಾನುಗಳಿಗೆಲ್ಲ ಹೂ ಬರೆಯುತ್ತಿದ್ದವನು ಅವಳಪ್ಪ. ಬಣ್ಣ ಆರದ ಗುಲಾಬಿಯೊಂದಕ್ಕೆ ಪುಟ್ಟ ಹೆಪ್ಸಿ ಹೆಬ್ಬೆರಳು ಒತ್ತಿಬಿಟ್ಟಾಗ ಅವನು ಬೈಯಲಿಲ್ಲ; ಗುರುತನ್ನು ಅಳಿಸದೆ ಆ ಕ್ಯಾನನ್ನು ಹಾಗೆಯೇ ಮಾರಿದ. ಪ್ರತಿ ಕ್ಯಾನೂ ಹೊಳೆದ ಮೇಲೆ ಅಜ್ಜಿ ಎಸಳುಗಳ ಮೇಲೆಲ್ಲ ಬೆರಳಾಡಿಸಿ ಆ ಗುರುತನ್ನು ಹುಡುಕುತ್ತಾಳೆ. ಆಮೇಲೆ ಕ್ಯಾನು ತಂದವನತ್ತ ನೋಡಿ ನಗುತ್ತಾಳೆ: "ಇದೂ ಅಲ್ಲ ಬಿಡು. ನಿನ್ನ ಪಕ್ಕದ ದೋಣೀದು ಇನ್ನೂ ಕೊಳಕಾಗಿದೆಯಲ್ಲ, ಅದನ್ನ ಕಳ್ಸು!"