ನಾನು ಒರೆಸಿದ ಹಿಮ

ಸ್ಟೆಲ್ಲಾ, ಆ ಜಪಾನಿ ಚಿತ್ರದಲ್ಲಿ ಹಿಮ ಬೀಳುತ್ತಿತ್ತು. ಅದನ್ನು ಒರೆಸಿ ಹಾಕಿದವಳು ನಾನು. ಇರಲೇ ಇಲ್ಲ ಎಂದು ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದವಳೂ ನಾನೇ.

ನಿನ್ನ ಗಂಡ ವಿನ್ಸೆಂಟ್ ಮದುವೆಯಾದ ವರ್ಷ ಕ್ಯೋಟೋದಲ್ಲಿ ಕೊಂಡ ಚಿತ್ರ — ಮರದ ಅಚ್ಚಿನಲ್ಲಿ ಒತ್ತಿದ್ದು. ಒಂದು ಸೇತುವೆ, ಕೊಡೆ ಹಿಡಿದ ಹೆಂಗಸು, ಕಡುನೀಲಿ ಆಕಾಶ. ಅವರು ತೀರಿಕೊಂಡ ಮೇಲೆ ನೀನು ಸಿಡ್ನಿಯ ಹ್ಯಾರಿಸ್ ಪಾರ್ಕಿನ ಮನೆ ಖಾಲಿ ಮಾಡಿ ಮಗಳಿರುವ ಮೆಲ್ಬರ್ನಿಗೆ ಹೊರಟೆ. "ಟ್ರಕ್ಕಲ್ಲಿ ಒಡೆದೀತು, ನಿನ್ನ ಹತ್ರ ಇರ್ಲಿ ಮಾರಾಯ್ತಿ" ಎಂದು ಅದನ್ನು ನನ್ನ ಕೈಗಿಟ್ಟೆ. ಅದೇ ಊರಿನ ಕೆಲ್ಲಿವಿಲ್ಲಿನಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ತೂಗುಹಾಕಿದೆ. ನೆಟ್ಟಗೆ ನೋಡಿದ್ದು ಮಾತ್ರ ಇಲ್ಲ.

ಆ ಬೇಸಿಗೆ ಸಿಡ್ನಿಯಲ್ಲಿ ಬಿಟ್ಟೂಬಿಡದ ಮಳೆ, ವಾರ್ಡ್‌ರೋಬಿನೊಳಗೆಲ್ಲ ಬೂಷ್ಟು. ಯುಗಾದಿಗೆ ಮುಂಚೆ ದೇವರ ಪಟಗಳನ್ನು ಇಳಿಸಿ ಒರೆಸುವುದು ನಮ್ಮಮ್ಮ ಕಲಿಸಿದ ಪದ್ಧತಿ. ಅದೇ ಕೈಯಲ್ಲಿ ನಿನ್ನ ಚಿತ್ರವನ್ನೂ ಇಳಿಸಿದೆ. ಗಾಜಿನೊಳಗೆ ಆಕಾಶದ ತುಂಬ ಬಿಳಿ ಚುಕ್ಕೆಗಳು — ಅಯ್ಯೋ, ಇದಕ್ಕೂ ಬೂಷ್ಟು ಹಿಡೀತಲ್ಲಪ್ಪ! ಫ್ರೇಮ್ ಬಿಚ್ಚಿ, ಒದ್ದೆ ಬಟ್ಟೆಯ ತುದಿಯಿಂದ ಒಂದೊಂದನ್ನೇ ತೆಗೆದೆ. ಸೇತುವೆಯ ಮೇಲಿನ ಹಿಮ ಹೋಗಲಿಲ್ಲ. ಅದು ಅಚ್ಚು ಒತ್ತದೆ ಬಿಟ್ಟ ಬರಿಯ ಕಾಗದ. ಬೀಳುವ ಹಿಮವನ್ನು ಮಾತ್ರ ಕೊನೆಯಲ್ಲಿ ಬಿಳಿ ಬಣ್ಣ ಚಿಮುಕಿಸಿ ಮಾಡುತ್ತಾರಂತೆ — ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಹೆಮ್ಮೆಯೇ ಆಗಿತ್ತು.

ಆ ಚಿತ್ರವನ್ನು ಮೆಲ್ಬರ್ನಿನಲ್ಲಿ ನೀನಿರುವ ಕ್ಲೈಡ್ ನಾರ್ತ್‌ಗೆ ತಂದು, ನಿನ್ನ ಅಡುಗೆಮನೆಯಲ್ಲಿ ಕಟ್ಟು ಬಿಚ್ಚಿದೆ. ನೀನು ತುಂಬ ಹೊತ್ತು ನೋಡಿದೆ.

"ಇದ್ರಲ್ಲಿ ಹಿಮ ಬೀಳ್ತಾ ಇತ್ತಲ್ಲ? ಎಲ್ಲಿ ಹೋಯ್ತು?"

ನಾನು ಒರೆಸಿದ್ದು ಬೂಷ್ಟಲ್ಲ, ಹಿಮ ಎಂದು ಆಗ ಹೊಳೆಯಿತು. ಹೇಳಿಬಿಡಬಹುದಿತ್ತು — ಬಾಯಿಯವರೆಗೂ ಬಂದಿತ್ತು —

"ಏನ್ ಸ್ಟೆಲ್ಲಾ, ಮೊದ್ಲಿಂದ್ಲೂ ಹೀಗೇ ಇತ್ತಪ್ಪ. ನಿಂಗೆಲ್ಲೋ ಕನ್‌ಫ್ಯೂಸ್ ಆಗಿದೆ."

ನಿನ್ನ ಅಮ್ಮ ಕೊನೆಗಾಲದಲ್ಲಿ ಮಕ್ಕಳ ಹೆಸರನ್ನೇ ಮರೆತಿದ್ದರು. ನಿನಗೂ ಅದೇ ಬಂದೀತೆಂದು ನೀನು ಹೆದರುತ್ತಿದ್ದೆ. ಗೊತ್ತಿದ್ದೂ ಹೇಳಿದೆನಲ್ಲ, ಎಂಥ ಪಾಪಿ ನಾನು! ನೀನು ಕಾರು ಓಡಿಸುವುದನ್ನು ಬಿಟ್ಟೆ. ಸಾಲು ಮರೆತರೆ ಎಂದು ಚರ್ಚಿನಲ್ಲಿ ಹಾಡುವುದನ್ನೂ ಬಿಟ್ಟೆ. ನಿನಗೇನೂ ಆಗಿಲ್ಲ ಎಂದ ಡಾಕ್ಟರನ್ನು ನಂಬಲಿಲ್ಲ, ನನ್ನನ್ನು ನಂಬಿದೆ.

ಮೊನ್ನೆ ನೀನು ಫೋನಿನಲ್ಲಿ ಕೇಳಿದೆ, "ವಿನ್ಸಿ ಹೋಗುವಾಗ ನನ್ನ ಹೆಸರು ಕರೆದದ್ದು ಹೌದಾ? ನೀನೂ ಆಸ್ಪತ್ರೆಯಲ್ಲಿ ಇದ್ದಿಯಲ್ಲ. ಅದೂ ನನ್ನ ಕಲ್ಪನೆಯಾ ಅಂತ ಡೌಟು."

"ಕರೆದ್ರು ಕಣೆ" ಎಂದೆ. ನೀನು ಅಳುತ್ತಲೇ ಥ್ಯಾಂಕ್ಸ್ ಹೇಳಿದೆ. ನನಗೆ — ಥ್ಯಾಂಕ್ಸ್!

ಶನಿವಾರ ಬರುತ್ತಿದ್ದೇನೆ. ಎಲ್ಲವನ್ನೂ ನಿನ್ನ ಮಗಳ ಎದುರಿಗೇ ಹೇಳುತ್ತೇನೆ. ಹೊರಗೆ ನಡೆ ಎಂದರೆ ನಡೆಯುತ್ತೇನೆ. ಆದರೆ ನನ್ನ ಸುಳ್ಳು ತಿಳಿದ ಮೇಲೆ, ವಿನ್ಸೆಂಟ್ ನಿನ್ನನ್ನು ಕರೆದರೆಂಬ ನನ್ನ ಮಾತನ್ನು ನೀನು ಹೇಗೆ ನಂಬುತ್ತೀ? ಅದಕ್ಕೆ ಬೇರೆ ಸಾಕ್ಷಿ ಯಾರೂ ಇಲ್ಲ.

ಅವರು ಕರೆದಿದ್ದರು, ಸ್ಟೆಲ್ಲಾ.