ಮಂಜುಗಡ್ಡೆಯ ಮೇಲೆ ಕುಂಕುಮ

ಗ್ಯಾರೇಜಿನ ಬಾಗಿಲು ತೆಗೆದರೆ ಸಾಕು, ನಿಮ್ಮ ಅಕ್ಕ ಮೀರಾಳ ಹಾಕಿ ಚೀಲದ ವಾಸನೆ ಮೂಗಿಗೆ ಬಡಿಯುತ್ತದೆ. ನಿಮ್ಮ ಅಮ್ಮ ಅಂಗಿಯ ತೋಳಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ. ನನಗೆ ಮಾತ್ರ ಹುಬ್ಬಳ್ಳಿಯಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ನಿಮ್ಮ ಅಜ್ಜನ ಕಬಡ್ಡಿ ಬನಿಯನ್ನು ನೆನಪಾಗುತ್ತದೆ. ಇಂದು ಖಂಡೇಪೂಜೆ, ಆಯುಧಗಳ ಹಬ್ಬ. ಸಾಮಾನು ಒರೆಸಿಡೋಣವೆಂದು ಚೀಲ ಬಿಚ್ಚಿದವಳು, ಕೆಲಸ ಬಿಟ್ಟು ಹೀಗೆ ಬರೆಯುತ್ತ ಕೂತಿದ್ದೇನೆ ಮೊಮ್ಮಕ್ಕಳೇ.

ಅಜ್ಜ ತೀರಿಕೊಂಡ ಮೇಲೆ ನಾನು ಕಡಲಾಚೆಯ ಈ ರಾಕ್‌ವಿಲ್‌ಗೆ, ನಿಮ್ಮ ಮನೆಗೆ ಬಂದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು. ಇಲ್ಲಿ ಇಂಗ್ಲಿಷಿಗೆ ಅಂಜಿ, ಬಾಗಿಲ ಗಂಟೆ ಬಾರಿಸಿದರೂ ಅಡುಗೆಮನೆ ಸೇರುತ್ತಿದ್ದೆ. ಮೀರಾಳನ್ನು ಐಸ್ ಹಾಕಿ ಆಡುವ ಮಂಜುಗಡ್ಡೆಯ ಅಂಗಳಕ್ಕೆ ಬಿಡಲು ಹೊರಟಾಗ ಮಾತ್ರ ನಾನೂ ಕಾರು ಹತ್ತುತ್ತಿದ್ದೆ. ಅಲ್ಲಿ ಯಾರೊಡನೆಯೂ ಮಾತಾಡಬೇಕಿರಲಿಲ್ಲ, ಶಾಲು ಹೊದ್ದು ಕೂತರಾಯಿತು. ಒಂದು ದಿನ ಪಕ್ಕದಲ್ಲಿದ್ದ ರಷ್ಯದ ಹೆಂಗಸೊಬ್ಬರು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ನನ್ನ ಕೈಗಿಟ್ಟರು. ಹಾಲಿಲ್ಲದ ಚಹಾ! ಹೆಸರು ಗಲೀನಾ, ಅವರ ಮೊಮ್ಮಗಳೂ ಮೀರಾಳ ಜೊತೆ ಆಡುತ್ತಿದ್ದಳು. ನನಗಿಂತ ಹಿರಿಯರಾದ್ದರಿಂದ ಗಲೀನಕ್ಕ ಎಂದೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಹಾಗಾಗಿ ಯಾರಿಗೆ ಯಾರೂ ಅಂಜಬೇಕಾಗಲಿಲ್ಲ.

ಆ ವರ್ಷದ ಖಂಡೇಪೂಜೆಗೆ ನಾನೊಂದು ಎಡವಟ್ಟು ಮಾಡಿದೆ. ನಮ್ಮೂರಲ್ಲಿ ಕುಡುಗೋಲಿಗೂ, ಅಜ್ಜನ ರೈಲ್ವೆ ವರ್ಕ್‌ಶಾಪಿನ ಲೇತ್ ಯಂತ್ರಕ್ಕೂ ಪೂಜೆಯಾಗುತ್ತಿತ್ತು. ಮೀರಾಳ ಸ್ಕೇಟು ಬೂಟಿನ ತಳದ ಅಲಗು ಏನು ಕಡಿಮೆ ಎಂದುಕೊಂಡು, ಯಾರಿಗೂ ಹೇಳದೆ ಕುಂಕುಮ ಏರಿಸಿದೆ. ಧಾರಾಳವಾಗಿಯೇ ಏರಿಸಿದೆ. ಹುಡುಗಿಯರನ್ನು ಮೊದಲ ತಂಡ, ಎರಡನೇ ತಂಡ ಎಂದು ವಿಂಗಡಿಸುವ ಸಂಜೆ ಅದು. ಅವಸರದಲ್ಲಿ ಮೀರಾ ಅಲಗು ನೋಡಲಿಲ್ಲ. ಅವಳು ಹೋದಲ್ಲೆಲ್ಲ ಮಂಜುಗಡ್ಡೆಯ ಮೇಲೆ ಕೆಂಪು ಗೆರೆ! ಯಾವುದೋ ಮಗುವಿಗೆ ಪೆಟ್ಟಾಯಿತೆಂದು ಕೋಚ್ ಸೀಟಿ ಊದಿದರು, ಎಲ್ಲರ ಕಾಲೂ ತಪಾಸಣೆಯಾಯಿತು. ನಾನು ಶಾಲಿನೊಳಗೆ ಮುಖ ಹುದುಗಿಸಿದೆ. ಕೊನೆಗೆ ಮೀರಾ ಎರಡನೇ ತಂಡಕ್ಕೆ ಬಿದ್ದಳು.

“ಎವ್ರಿಬಡಿ ನನ್ನ ನೋಡಿ ಲಾಫ್ ಮಾಡಿದ್ರು, ಅಜ್ಜಿ! ಐ ಆಮ್ ಡನ್. ಇನ್ನು ಹಾಕಿ ಬೇಡ,” ಎಂದು ಕಾರಿನಲ್ಲಿ ಅತ್ತಳು.

ಮುಂದಿನ ಶನಿವಾರ ಚೀಲ ಗ್ಯಾರೇಜಿನಲ್ಲೇ ಉಳಿಯಿತು. ನಾವು ಕಾಣಲಿಲ್ಲವೆಂದು ಗಲೀನಕ್ಕ ಜಾಮ್ ಬಾಟಲಿ ಹಿಡಿದು ಮನೆಗೇ ಬಂದರು. ಮೀರಾ ಮೆಟ್ಟಿಲ ಮೇಲೆ ಫೋನು ನೋಡುವವಳಂತೆ ಕೂತು ನಮ್ಮ ಮಾತಿಗೆ ಕಿವಿಗೊಟ್ಟಿದ್ದಳು.

“ನಮ್ಮೂರ ಟ್ರ್ಯಾಕ್ಟರ್ ಕಾರ್ಖಾನೆಯ ಹಾಕಿ ಬಯಲಲ್ಲಿ ಚಿಮಣಿಯ ಮಸಿ ಬಿದ್ದು ಐಸೇ ಕಪ್ಪಾಗುತ್ತಿತ್ತು,” ಎಂದರು ಗಲೀನಕ್ಕ. “ನಿನ್ನದು ಕೆಂಪು. ಕೆಂಪೇ ಚಂದ!”

ಮೊದಲು ಅವರ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಚೆಂಡಿನಿಂದ ಆಡುತ್ತಿದ್ದರಂತೆ. ಮಹಾಯುದ್ಧ ಮುಗಿದ ಮೇಲೆ ಮೀರಾ ಆಡುವ ಈ ಕಪ್ಪು ಬಿಲ್ಲೆಯ ಆಟ, ಅದರ ಲೀಗು ಬಂದವಂತೆ. ಸೈನ್ಯಕ್ಕೊಂದು ಕ್ಲಬ್ಬು, ಪೊಲೀಸರಿಗೊಂದು, ರೈಲ್ವೆಗೊಂದು, ವಿಮಾನದ ಕೆಲಸಗಾರರಿಗೊಂದು. ಥೇಟ್ ನಮ್ಮ ಹುಬ್ಬಳ್ಳಿಯ ಕಬಡ್ಡಿ ತಂಡಗಳಂತೆ! ಕಾರ್ಖಾನೆಯ ಹುಡುಗ ಚೆನ್ನಾಗಿ ಆಡತೊಡಗಿದರೆ, ಕಡ್ಡಾಯ ಸೇವೆಯ ವಯಸ್ಸಿಗೆ ಸೈನ್ಯದವರು ಕರೆದು ತಮ್ಮ ತಂಡಕ್ಕೆ ಹಾಕಿಕೊಳ್ಳುತ್ತಿದ್ದರು. ಗೆಲುವು ಹೆಚ್ಚಾಗಿ ಅವರದೇ.

“ದಟ್ಸ್ ಸೋ ಅನ್‌ಫೇರ್! ಮತ್ತೆ ನೀವು ಯಾಕೆ ಆಡ್ತಿದ್ರಿ?” ಮೆಟ್ಟಿಲಿಂದ ಮೀರಾ ಕೇಳಿಯೇಬಿಟ್ಟಳು. ಅವಸರದಲ್ಲಿ ಅರ್ಧ ಕನ್ನಡದಲ್ಲೇ ಕೇಳಿದ್ದಳು. ಗಲೀನಕ್ಕನಿಗೆ ಅರ್ಥವಾಗಲು ಧ್ವನಿಯೇ ಸಾಕಾಯಿತು.

“ಅವರು ಒಬ್ಬನನ್ನು ಒಯ್ದರು. ನಾವು ಇನ್ನೊಬ್ಬನನ್ನು ತಯಾರು ಮಾಡಿದೆವು. ಎಲ್ಲಿಂದ? ಎರಡನೇ ತಂಡದಿಂದ.” ಮುಂದೆ ಅವರ ದೇಶ ಒಡೆದು ಸಂಬಳ ನಿಂತು, ಒಳ್ಳೆಯ ಆಟಗಾರರು ಕಡಲು ದಾಟಿದಾಗಲೂ ಉಳಿದ ಹುಡುಗರು ಐಸು ಗುಡಿಸಿ ಆಡಿದರಂತೆ. ಈಗ ಹಣವಂತರ ಹೊಸ ಲೀಗು ಬಂದಿದೆ. “ಅದರಲ್ಲಿ ನಮ್ಮ ಕಾರ್ಖಾನೆಯ ಕ್ಲಬ್ಬೂ ಇದೆ,” ಎಂದು ಎದೆ ತಟ್ಟಿಕೊಂಡರು.

ಆಗ ನನ್ನ ಬಾಯಿಯೂ ತೆರೆಯಿತು. “ನಿಮ್ಮಜ್ಜನೂ ಕಬಡ್ಡಿಯೊಳಗ ಎರಡನೇ ಟೀಮಿನಾಂವನ, ಮೀರಾ.”

“ಅಜ್ಜ ಬಿ ಟೀಮಾ?”

“ಹೂಂನವಾ. ನಮ್ಮ ರೈಲ್ವೆ ಟೀಮಿನ ಚಲೋ ಹುಡುಗರನ್ನ ಪೊಲೀಸ್ ಟೀಮಿನವರು ನೌಕರಿ ಕೊಟ್ಟು ಕರಕೊಂಡು ಹೋಗತಿದ್ರು. ಮರುದಿನಾನ ನಿಮ್ಮಜ್ಜ ಹೊಸಾ ಹುಡುಗರನ್ನ ಕಟಗೊಂಡು ಮೈದಾನಕ್ಕ ಹೋಗಾಂವ.”

“ವಾಸ್ ಹಿ ಸ್ಯಾಡ್?”

“ಬನಿಯನ್ ಒಗ್ಯಾಕಿ ನಾನು. ಬ್ಯಾಸರಾದಾಂವ ಅಷ್ಟು ಹೊಲಸು ಮಾಡಿಕೊಂಡು ಬರತಿದ್ದಿಲ್ಲ.”

ಮೀರಾ ನಕ್ಕಳು. ಮುಂದಿನ ಶನಿವಾರ ನಾನು ಕಾರು ಹತ್ತುವ ಮೊದಲೇ ಆ ಚೀಲ ಹಿಂದಿನ ಸೀಟು ಹತ್ತಿತ್ತು.

ಇಂದಿಗೂ ಅವಳು ಎರಡನೇ ತಂಡದಲ್ಲೇ ಇದ್ದಾಳೆ. ಸಣ್ಣ ಹುಡುಗಿಯರಿಗೆ ಬಿದ್ದು ಏಳುವುದನ್ನು ಕಲಿಸುತ್ತಾಳೆ. ನಾನೋ, ಶಾಲು ಜಾರಿದ್ದೂ ತಿಳಿಯದೆ “ಹಿಡೀ, ಹಿಡೀ!” ಎಂದು ಕಬಡ್ಡಿಯ ಕೂಗು ಹಾಕುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಮೀರಾ ಗ್ಯಾರೇಜಿಗೆ ಬಂದಳು. “ಅಜ್ಜಿ, ಪೂಜೆ ಮಾಡ್ತೀಯಾ? ಸ್ಟಿಕ್‌ಗೆ ಮಾತ್ರ, ಓಕೆ? ಸ್ಕೇಟ್‌ಗೆ ನೋ!”

ತಲೆಯೆತ್ತಿ ನೋಡಿದೆ. ಅವಳ ಹಿಂದೆ ಎರಡನೇ ತಂಡವಿಡೀ ಕೋಲು ಹಿಡಿದು ಡ್ರೈವ್‌ವೇಯಲ್ಲಿ ನಿಂತಿದೆ. ಕೊನೆಯಲ್ಲಿ ಫ್ಲಾಸ್ಕಿನೊಡನೆ ಗಲೀನಕ್ಕ. ಅಡುಗೆಮನೆಗೆ ಓಡಲು ಒಂದು ಗಳಿಗೆ ಕಾಲು ಎಳೆಯಿತು. ಓಡಿದ್ದೂ ನಿಜ, ಕುಂಕುಮದ ದೊಡ್ಡ ಭರಣಿ ತರಲು. ಬಂದು ಬಾಗಿಲಲ್ಲಿ ನಿಂತು ನಾನೇ ಕೂಗಿದೆ, “ಕಮ್, ಕಮ್! ಒಬ್ಬೊಬ್ಬರೇ ಬರ್ರಿ.”