ನೂರ ಐವತ್ತೊಂಬತ್ತು ಸೆಂಟಿಮೀಟರ್

ನನ್ನ ತಂಗಿಯ ಎತ್ತರ ನೂರ ಐವತ್ತೊಂಬತ್ತು ಸೆಂಟಿಮೀಟರ್. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ.

ಎರಡು ವರ್ಷದ ಹಿಂದೆ ಅವಳು ಸರ್ಕಾರದ ಮಹಿಳಾ ಗಾರ್ಡ್ ಹುದ್ದೆಗೆ ಅರ್ಜಿ ಹಾಕಿದಳು. ತಾವರಗೇರಾದ ನಮ್ಮ ಹೊಲದಲ್ಲಿ ಅಪ್ಪನ ಜೊತೆ ದುಡಿಯುತ್ತಲೇ, ದಿನಾ ರಸ್ತೆಗುಂಟ ಓಡಿ ತಯಾರಾದವಳು. ಅರ್ಜಿ ತುಂಬಲು ಇಬ್ಬರೂ ಕುಷ್ಟಗಿಯ ಒಂದು ಆನ್‌ಲೈನ್ ಅಂಗಡಿಗೆ ಹೋದೆವು. ಅಂಗಡಿ ನಡೆಸುವ ಹೆಣ್ಣುಮಗಳು, "ಕೊಡ್ರಿ ಅಕ್ಕೋರ, ನಾ ತುಂಬತೀನಿ" ಎಂದಳು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ನನಗೆ ಬರುವುದಿಲ್ಲವೇ ಎಂಬ ಜಂಬ. ನಾನೇ ಕುಳಿತೆ. ಎತ್ತರದ ಚೌಕದಲ್ಲಿ 159 ಎಂದು ಒತ್ತಿದೆ, ಪುಟದ ಕೆಳಗೆ ಹೋಗಲು ಮೌಸಿನ ಗಾಲಿ ತಿರುವಿದೆ, ಉಳಿದದ್ದು ತುಂಬಿ ಕಳಿಸಿದೆ. ಅಂಗಡಿಯವಳು ಕೊಟ್ಟ ಪ್ರಿಂಟನ್ನು ಓದಲಿಲ್ಲ.

ತಿಂಗಳ ಬಳಿಕ ಮೊಬೈಲಿಗೆ ಸಂದೇಶ ಬಂತು: ಅರ್ಜಿ ತಿರಸ್ಕೃತ. ಎತ್ತರ 154, ಬೇಕಾದದ್ದು 157.

ಉರಿಯುತ್ತ ಅಂಗಡಿಗೆ ಹೋದೆ. ಗಿರಾಕಿಗಳ ಮುಂದೆಯೇ ಕೂಗಾಡಿದೆ. "ನಿಮ್ಮ ಕಂಪ್ಯೂಟರ್ ಕೆಟ್ಟೈತಿ! ನನ್ನ ತಂಗಿ ನೌಕರಿ ಹೋತು!"

ಅಂಗಡಿಯವಳು ನನ್ನನ್ನು ಪರದೆಯ ಮುಂದೆ ಕರೆದಳು. ಅಂಥದೇ ಒಂದು ಖಾಲಿ ಅರ್ಜಿ ತೆರೆದು, 159 ಎಂದು ಒತ್ತಿ, ಗಾಲಿ ತಿರುವಿದಳು. ಪುಟ ಸರಿಯಲಿಲ್ಲ. ಚೌಕದೊಳಗಿನ ಅಂಕಿ ಇಳಿಯಿತು. 158, 157, 156.

"ಅಂಕಿ ಹೊಡದ ಮ್ಯಾಲ ಚೌಕದ ಹೊರಗ ಒಮ್ಮೆ ಒತ್ತಬೇಕ್ರಿ ಅಕ್ಕೋರ. ಇಲ್ಲಾಂದ್ರ ಹಿಂಗಾಗತೈತಿ."

ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಬೇರೆ ಕಡೆ ಹೊರಳಿತು. ಮನುಷ್ಯರ ಎತ್ತರವೇನು ರೇಡಿಯೋದ ದನಿಯೇ, ತಿರುವಿ ಏರಿಸಲು, ಇಳಿಸಲು? ಇಂಥ ಚೌಕ ಮಾಡಿಟ್ಟ ಪುಣ್ಯಾತ್ಮ ಯಾರು?

ಮರುದಿನ ತಂಗಿ, ನಾನು ಕೊಪ್ಪಳದ ನೇಮಕಾತಿ ಕಚೇರಿಗೆ ಹೋದೆವು. ಗುಮಾಸ್ತ ಪರದೆಯಿಂದ ಕಣ್ಣು ಕೀಳದೆ, "ನೀವ ತುಂಬೀರಲ್ರಿ. ಸಿಸ್ಟಮ್‌ನ್ಯಾಗ ನೂರಾ ಐವತ್ನಾಕ್ ಐತಿ" ಎಂದ.

ತಂಗಿ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಂತಳು. "ಅಳೀರಿ ಸರ್. ಇಲ್ಲೇ ಅದೀನಿ."

"ಅಳದು ಏನ್ ಮಾಡ್ಲಿವಾ? ತಿದ್ದಾಕ ಬರಂಗಿಲ್ಲ."

"ನನ್ನ ನೋಡರ ನೋಡ್ರಿ ಸರ್."

ಅವನು ನೋಡಲಿಲ್ಲ. ನಾನು ಮೇಜು ಗುದ್ದಿದೆ. "ಆಕಿ ನಿಮ್ಮ ಮುಂದ ನಿಂತಾಳ, ಕಣ್ಣಿಲ್ಲೇನ್ರಿ ನಿಮಗ?"

ಗದ್ದಲ ಕೇಳಿ ಒಳಗಿನಿಂದ ಮೇಲಧಿಕಾರಿ ಬಂದರು, ಒಬ್ಬ ಹಿರಿಯ ಹೆಂಗಸು. ಟೇಪ್ ತರಿಸಿ ತಾವೇ ಅಳೆದರು. ನೂರ ಐವತ್ತೊಂಬತ್ತು. ನಾವು ತಂದಿದ್ದ ಮನವಿಯ ಮೇಲೆ ಹಾಗೆಂದು ಬರೆದು, ಸಹಿ ಹಾಕಿ ಬೆಂಗಳೂರಿಗೆ ಕಳಿಸಿದರು. ಉತ್ತರ ಬರುವ ಮೊದಲೇ ಆಯ್ಕೆ ಮುಗಿದುಹೋಯಿತು.

ಅಂಗಡಿಯವಳಿಗೆ ತಪ್ಪಾಯಿತೆಂದು ಹೇಳಿ ಬಂದೆ. ತಂಗಿ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಈ ವರ್ಷ ಮತ್ತೆ ಅರ್ಜಿ ಕರೆದಾಗ, "ಯಕ್ಕಾ, ನೀ ಬರಬ್ಯಾಡ" ಎಂದಷ್ಟೇ ಹೇಳಿ ಒಬ್ಬಳೇ ಬಸ್ಸು ಹತ್ತಿದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಉಳಿದೆ.

ಮೊನ್ನೆ ಓಟದ ಪರೀಕ್ಷೆಗೆ ಕರೆಪತ್ರ ಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನನಗೂ ಖುಷಿಯಾಗಿದೆ, ಸುಳ್ಳೇಕೆ ಹೇಳಲಿ. ಆದರೆ ಕಳೆದುಹೋದ ಆ ಎರಡು ವರ್ಷಗಳನ್ನು ಅವಳಿಗೆ ಯಾರು ತಿರುಗಿ ಕೊಡುತ್ತಾರೆ?